ಶಾವಂತ್ರವ್ವನ ಖಾನಾವಳಿಗೆ ಇತಿಹಾಸ ಬರೆದದ್ದು

ನಮ್ಮ ಊರಿನ ಕೋಟೆಗೆ ಏಳು ಬಾಗಿಲು. ಮೊದಲನೆಯ ಬಾಗಿಲ ಮಗ್ಗುಲಲ್ಲಿ ಹಳದಿ ಬಣ್ಣ ಬಳಿದ ಒಂದು ಗೂಡು, ಅದರ ಮೇಲೆ ‘ಪ್ರವಾಸಿ ಮಾಹಿತಿ ಕೇಂದ್ರ’ ಎಂಬ ಫಲಕ. ಆ ಗೂಡಿನ ಕಿಟಕಿಯ ಹಿಂದೆ ನಾನು ಇಪ್ಪತ್ತಾರು ವರ್ಷ ಕೂತಿದ್ದೆ. ಈ ಇಪ್ಪತ್ತಾರು ವರ್ಷಗಳಲ್ಲಿ ಕೋಟೆ ಕಟ್ಟಿಸಿದವರು ಯಾರೆಂದು ಕೇಳಿದವರು ನಾಲ್ಕೇ ಜನ. ಅವರಲ್ಲಿಬ್ಬರು ಪಂಥ ಕಟ್ಟಿಕೊಂಡು ಬಂದವರು. ಉಳಿದವರೆಲ್ಲ ಎರಡೇ ಪ್ರಶ್ನೆ ಕೇಳಿದರು. ಶೌಚಾಲಯ ಎಲ್ಲಿದೆ, ಊಟ ಎಲ್ಲಿ ಚೆನ್ನಾಗಿರುತ್ತದೆ.

ಮೊದಲನೆಯದಕ್ಕೆ ಕೈ ತೋರಿಸಿದರೆ ಸಾಕು. ಎರಡನೆಯದಕ್ಕೆ ಉತ್ತರ ಕೊಡುವುದು ನಮ್ಮ ಊರಿನಲ್ಲಿ ಜವಾಬ್ದಾರಿಯ ಕೆಲಸ. ಇಲ್ಲಿ ಊಟದ ಬಗ್ಗೆ ಯಾರಾದರೂ ಸುಳ್ಳು ಹೇಳಿದರೆ ಆ ಊಟದ ಉಪ್ಪು ಹೊರಟುಹೋಗುತ್ತದೆ. ಬಾಯಲ್ಲಿ ಹೇಳಿದರೆ, ಯಾವ ಊಟದ ಬಗ್ಗೆ ಹೇಳಿದರೋ ಆ ಒಂದು ಊಟದ್ದು ಹೋಗುತ್ತದೆ. ಬರೆದು ತೂಗುಹಾಕಿದರೆ, ಅದು ತೂಗುವಷ್ಟು ದಿನವೂ ಆ ಅಡುಗೆಮನೆಯಲ್ಲಿ ಉಪ್ಪು ನಿಲ್ಲುವುದಿಲ್ಲ, ಮೇಲಿಂದ ಹಿಡಿಗಟ್ಟಲೆ ಸುರಿದರೂ ಅಷ್ಟೇ.

ಇದಕ್ಕೆ ನಾವು ಹೊಂದಿಕೊಂಡಿದ್ದೇವೆ. ಹೆಣ್ಣು ನೋಡಲು ಬಂದವರ ಮುಂದೆ ಉಪ್ಪಿಟ್ಟಿಟ್ಟು ‘ಎಲ್ಲಾ ಹುಡುಗೀನ ಮಾಡ್ಯಾಳ’ ಎನ್ನುವ ಪದ್ಧತಿ ನಮ್ಮಲ್ಲಿ ಎಂದೋ ನಿಂತುಹೋಗಿದೆ. ಗಂಡಂದಿರು ಉಣ್ಣುವಾಗ ಮಳೆಯ ಬಗ್ಗೆ ಮಾತಾಡುತ್ತಾರೆ, ಮಳೆಯಿಲ್ಲದಿದ್ದರೆ ಚುನಾವಣೆಯ ಬಗ್ಗೆ. ಹೋಟೆಲಿನಲ್ಲಿ ವಡೆ ಬಿಸಿಯಿದೆಯೇ ಎಂದು ಕೇಳಿದರೆ ‘ಮುಂಜಾನಿ ಬಿಸಿ ಇತ್ರಿ’ ಎಂಬ ಉತ್ತರ ಬರುತ್ತದೆ. ನಾನು ಮದುವೆಯಾಗದೆ ಉಳಿದದ್ದಕ್ಕೂ ಇದೇ ಕಾರಣ. ಹೆಣ್ಣು ನೋಡಲು ಹೋದ ಐದು ಮನೆಗಳಲ್ಲಿ ಉಪ್ಪಿಟ್ಟು ಹೇಗಿದೆ ಎಂದು ಕೇಳಿದರು, ಐದರಲ್ಲೂ ನಾನು ನಿಜ ಹೇಳಿದೆ.

ಆರು ವರ್ಷದ ಕೆಳಗೆ ಸರ್ಕಾರ ನಮ್ಮದನ್ನು ಪಾರಂಪರಿಕ ನಗರ ಎಂದು ಘೋಷಿಸಿತು. ಅಲ್ಲಿಯವರೆಗೆ ನಮ್ಮ ಹಳೆಯ ಊರು ಹಳೆಯದಾಗಿತ್ತು ಅಷ್ಟೆ. ಘೋಷಣೆಯಾದ ಮೇಲೆ ಶನಿವಾರ, ಭಾನುವಾರ ಕಾರುಗಳು ಬರತೊಡಗಿದವು. ಬಂದವರು ಕೋಟೆಯನ್ನು ಇಪ್ಪತ್ತು ನಿಮಿಷ ನೋಡಿ, ಬಾವಿಯ ಮೆಟ್ಟಿಲ ಮೇಲೆ ನಿಂತು ಫೋಟೋ ತೆಗೆಸಿಕೊಂಡು, ಉಳಿದ ಎರಡು ದಿನ ಎಲ್ಲಿ ಉಣ್ಣಬೇಕೆಂದು ಹುಡುಕುತ್ತಿದ್ದರು.

ಸಿಮೆಂಟಿನ ಪೈಪು ಮಾರುತ್ತಿದ್ದ ಇಂದೂಧರ ಎಂಬುವರು ಕೋಟೆ ರಸ್ತೆಯಲ್ಲಿ ‘ರಾಜವೈಭವ’ ಎಂಬ ಹೋಟೆಲು ತೆಗೆದರು. ತೆಗೆದ ಎರಡನೆಯ ವಾರ ನನ್ನ ಕಿಟಕಿಗೆ ಬಂದರು.

“ಗುರುಸಿದ್ದಪ್ಪನೋರ, ಬಂದ ಮಂದಿ ಇದರ ಇತಿಹಾಸ ಏನು ಅಂತ ಕೇಳ್ತಾರ್ರಿ. ನೀವು ಓದಿದೋರು. ನಾಕ ಸಾಲು ಬರಕೊಡ್ರಿ.”

“ಉಪ್ಪು ಹೋಗತೈತಲ್ರಿ,” ಎಂದೆ.

“ಹೋದ್ರ ಹೋಗ್ಲಿ, ನೋಡೂಣು,” ಎಂದರು.

ಸ್ಥಳೀಯ ಉದ್ಯಮಗಳಿಗೆ ಎಲ್ಲ ರೀತಿಯ ಪ್ರೋತ್ಸಾಹ ಕೊಡತಕ್ಕದ್ದು ಎಂದು ಇಲಾಖೆಯ ಸುತ್ತೋಲೆಯೂ ಇತ್ತು. ಸುತ್ತೋಲೆ ಇದ್ದ ಮೇಲೆ ಸರ್ಕಾರಿ ನೌಕರನ ಆತ್ಮಸಾಕ್ಷಿ ಸುಮ್ಮನಾಗುತ್ತದೆ. ಅರಸರ ಪಾಕಶಾಲೆಯ ಮುಖ್ಯ ಬಾಣಸಿಗನ ಒಂಬತ್ತನೆಯ ತಲೆಮಾರಿನವರು ನಡೆಸುತ್ತಿರುವ ಭೋಜನಗೃಹ ಎಂದು ಬರೆದುಕೊಟ್ಟೆ. ಹಲಗೆ ತೂಗಿದ ದಿನವೇ ಅಡುಗೆಮನೆಯಲ್ಲಿದ್ದ ಸಾರು, ಪಲ್ಯ, ಚಟ್ನಿ ಎಲ್ಲ ಸಪ್ಪೆಯಾದವು. ಇಂದೂಧರ ಹೆದರಿದರು. ಅಷ್ಟರಲ್ಲಿ ಕಾರಿನಲ್ಲಿ ಬಂದ ಪ್ರವಾಸಿಯೊಬ್ಬರು ಆ ಸಪ್ಪೆ ಸಾರನ್ನು ಒಂದು ಗುಟುಕು ಕುಡಿದು ಕಣ್ಣು ಮುಚ್ಚಿಕೊಂಡರು.

“ಎಷ್ಟು ಸೌಮ್ಯವಾಗಿದೆ! ಅರಮನೆ ಊಟ ಅಂದ್ರೆ ಇದು.”

ಹೋಗಲು ಉಪ್ಪೇ ಉಳಿದಿರಲಿಲ್ಲವಾದ್ದರಿಂದ ಅಂದಿನಿಂದ ಆ ಹೋಟೆಲಿನಲ್ಲಿ ಎಷ್ಟು ಸುಳ್ಳು ಬೇಕಾದರೂ ಹೇಳಬಹುದಾಯಿತು. ಇಂದೂಧರ ಧೈರ್ಯವಾಗಿ ಹೇಳಿದರು. ಕಳೆದ ವಾರದ ತುಪ್ಪ ಈ ದಿನ ಕಾಸಿದ್ದಾಯಿತು, ಸಂತೆಯ ಪುಡಿ ಅರಮನೆಯ ಮಸಾಲೆಯಾಯಿತು. ವರ್ಷದೊಳಗೆ ಕೋಟೆ ರಸ್ತೆಯಲ್ಲಿ ಇಂಥ ಹೋಟೆಲುಗಳು ಹನ್ನೊಂದಾದವು. ಹನ್ನೊಂದಕ್ಕೂ ಇತಿಹಾಸ ಬರೆದವನು ನಾನೇ. ಒಬ್ಬ ಅರಸನಿಗೆ ಹನ್ನೊಂದು ಮಂದಿ ಮುಖ್ಯ ಬಾಣಸಿಗರಾದರು. ಅವರಲ್ಲಿ ಮೂವರು ಒಂದೇ ಯುದ್ಧದಲ್ಲಿ, ಒಂದೇ ಮಧ್ಯಾಹ್ನ, ಬೇರೆ ಬೇರೆ ಕಡೆ ಅವನ ಜೀವ ಉಳಿಸಿದ್ದರು. ಯಾರೂ ಆಕ್ಷೇಪಿಸಲಿಲ್ಲ. ನಮ್ಮ ಊರಿನ ಡಾಕ್ಟರು ರಕ್ತದೊತ್ತಡದವರಿಗೆ ‘ವಾರಕ್ಕೆ ಮೂರು ಸಲ ರಾಜಭೋಜನ’ ಎಂದು ಚೀಟಿ ಬರೆದು ಕೋಟೆ ರಸ್ತೆಗೆ ಕಳಿಸತೊಡಗಿದರು. ವಾರದ ದಿನಗಳಲ್ಲೂ ಹೋಟೆಲುಗಳು ತುಂಬಿದವು.

ನಾನು ಮಾತ್ರ ಅಲ್ಲೆಲ್ಲೂ ಉಣ್ಣುತ್ತಿರಲಿಲ್ಲ. ನನ್ನ ಊಟ ಗಾಣಿಗರ ಓಣಿಯ ಶಾವಂತ್ರವ್ವನ ಖಾನಾವಳಿಯಲ್ಲಿ. ಕಿಟಕಿಯಿಂದ ಐದು ನಿಮಿಷದ ದಾರಿ. ಹೊರಗೆ ಹಲಗೆಯಿಲ್ಲ, ಒಳಗೆ ಐದು ಕಲ್ಲಿನ ಬೆಂಚು. ಬಸ್‌ಸ್ಟ್ಯಾಂಡಿನ ಹಮಾಲರು, ಕಂಡಕ್ಟರುಗಳು, ಕೋರ್ಟಿನ ಗುಮಾಸ್ತರು ಬಂದು ಕೂರುತ್ತಾರೆ. ಜೋಳದ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಚಟ್ನಿ, ಮೊಸರು. ಹತ್ತೊಂಬತ್ತು ವರ್ಷ ಇದನ್ನೇ ಉಂಡಿದ್ದೇನೆ. ಶಾವಂತ್ರವ್ವ ರೊಟ್ಟಿ ಬಡಿದು ಬಡಿಸುತ್ತಾಳೆ. ಉದ್ದನೆಯ ಹೆಂಗಸು, ನೆತ್ತಿಯ ಮೇಲಿನ ಸೆರಗು ಎಂದೂ ಜಾರಿದ್ದಿಲ್ಲ. ಒಳಗೆ ಪಲ್ಯ ಮಾಡುವವಳು ಬಸಲಿಂಗವ್ವ. ಆಕೆಯನ್ನು ನಾವು ಯಾರೂ ನೋಡಿರಲಿಲ್ಲ. ಈಳಿಗೆಯ ಸದ್ದು, ಬಳೆಯ ಸದ್ದು, ಒಗ್ಗರಣೆ ಘಾಟಿಗೆ ಬರುವ ಕೆಮ್ಮು, ಇಷ್ಟರಿಂದ ಅಲ್ಲೊಬ್ಬರಿದ್ದಾರೆ ಎಂದು ಗೊತ್ತಿತ್ತು. ಇಬ್ಬರೂ ಅಣ್ಣತಮ್ಮಂದಿರ ಹೆಂಡಿರಿರಬೇಕು, ನೆಗೆಣ್ಣಿಯರಿರಬೇಕು ಎಂದು ಊರು ತಾನಾಗಿಯೇ ತೀರ್ಮಾನಿಸಿತ್ತು. ಪಲ್ಯ ಯಾರು ಮಾಡಿದ್ದು ಎಂದು ಯಾರಾದರೂ ಕೇಳಿದರೆ ಶಾವಂತ್ರವ್ವ ‘ಆಕಿ’ ಎನ್ನುತ್ತಿದ್ದಳು. ಸಂಬಂಧ ಹೇಳುತ್ತಿರಲಿಲ್ಲ.

ಪ್ರವಾಸಿಗಳನ್ನು ನಾನು ಎಂದೂ ಅಲ್ಲಿಗೆ ಕಳಿಸಲಿಲ್ಲ. ಕಳಿಸಿದ್ದರೆ ನನಗೆ ಕೂರಲು ಜಾಗ ಸಿಗುತ್ತಿರಲಿಲ್ಲ. ಊಟ ಎಲ್ಲಿ ಚೆನ್ನಾಗಿರುತ್ತೆ ಸರ್ ಎಂದು ಅವರು ಕೇಳಿದಾಗ, “ಕೋಟೆ ರಸ್ತೆಯಲ್ಲಿ ಹನ್ನೊಂದು ಹೋಟೆಲ್ ಇವೆ,” ಎನ್ನುತ್ತಿದ್ದೆ. ಅದು ನಿಜವೇ ಆಗಿತ್ತು.

ಹೀಗಿರುವಾಗ ಹೋದ ಮಾಘದ ಒಂದು ಗುರುವಾರ ರಾಜಧಾನಿಯಿಂದ ನಿರುಪಮಾ ಮೇಡಂ ಬಂದರು. ಇಲಾಖೆಯ ಹೊಸ ನಿರ್ದೇಶಕರು. ಚುರುಕಾದ ಹೆಂಗಸು, ಕೈಯಲ್ಲಿ ಕಡತ, ಕಡತದ ತುಂಬ ಬಣ್ಣದ ಚೀಟಿಗಳು. ‘ವಾರಾಂತ್ಯದ ಪಾರಂಪರಿಕ ರುಚಿಪಥ’ ಎಂಬ ಪುಸ್ತಿಕೆ ಬರಬೇಕೆಂದರು. ಭಾನುವಾರ ನಲವತ್ತು ಮಂದಿ ಪತ್ರಕರ್ತರು, ವಿಡಿಯೋ ಮಾಡುವವರು ಬಂದು ಎಲ್ಲ ಕಡೆ ಉಂಡು ಹೋಗುವವರಿದ್ದರು.

“ಹನ್ನೊಂದು ಹೋಟೆಲ್ ಆಯ್ತು. ಹನ್ನೆರಡನೇದು ಯಾವುದು ಗುರುಸಿದ್ದಪ್ಪ?”

“ಹನ್ನೊಂದೇ ಇರೋದು ಮೇಡಂ.”

“ಹನ್ನೆರಡು ಪುಟ ಅಂತ ಪ್ರೆಸ್ಸಿಗೆ ಹೇಳಾಗಿದೆಯಲ್ಲ. ಹನ್ನೆರಡಾಗಲೇಬೇಕು.” ಕಡತ ತಿರುವಿ ನೋಡಿದರು. “ಗಾಣಿಗರ ಓಣೀಲಿ ಒಂದು ಖಾನಾವಳಿ ಇದೆ. ಇದರ ಇತಿಹಾಸ ಏನು?”

“ಗೊತ್ತಿಲ್ಲ ಮೇಡಂ.”

“ಇತಿಹಾಸ ಇಲ್ಲದ ತಿಂಡಿ ಅಂಗಡಿಗಳು ಕೋಟೆ ಒಳಗೆ ಇರೋ ಹಾಗಿಲ್ಲ. ಹೊಸ ನಿಯಮ, ಬೈಪಾಸಿನ ಆಚೆ ಹೋಗಬೇಕಾಗುತ್ತೆ. ಇದ್ದರೆ ಹನ್ನೆರಡನೇ ಪುಟಕ್ಕೆ ಹಾಕಿ. ಇಲ್ಲದಿದ್ದರೆ ಸೋಮವಾರ ನೋಟಿಸ್ ಕೊಡಿ. ಎರಡರಲ್ಲಿ ಒಂದು ನಾಳೆ ಸಂಜೆಯೊಳಗೆ ಮುಗಿಸಿ.”

ಬೈಪಾಸಿನ ಆಚೆ ಟೈರಿನ ಅಂಗಡಿಗಳು, ಜಾಲಿಗಿಡಗಳು ಬಿಟ್ಟು ಏನೂ ಇಲ್ಲ. ಹಮಾಲರು ಅಲ್ಲಿಯವರೆಗೆ ನಡೆದುಹೋಗಿ ಉಂಡು ಬರುವ ಹಾಗಿಲ್ಲ.

ಮರುದಿನ ಊಟಕ್ಕೆ ಹೋದಾಗ, ಬೇರೆಯವರು ಎದ್ದು ಹೋಗುವವರೆಗೂ ಕಾಯ್ದು ಶಾವಂತ್ರವ್ವನಿಗೆ ಸಂಗತಿ ಹೇಳಿದೆ.

“ನಮ್ಮ ಖಾನಾವಳಿಗೆ ಎಲ್ಲಿ ಇತಿಹಾಸ್ರಿ?” ಎಂದಳು. “ಇಪ್ಪತ್ತೆರಡ ವರ್ಷ ಆತು, ಅಷ್ಟ.”

“ಅಷ್ಟ ಸಾಕು. ಹ್ಯಾಂಗ ಚಾಲೂ ಆತು ಅನ್ನೂದು ಹೇಳ್ರಿ, ನಾ ಚಂದ ಮಾಡಿ ಬರೀತೀನಿ.”

ಒಳಗೆ ಈಳಿಗೆಯ ಸದ್ದು ನಿಂತಿತು. ಶಾವಂತ್ರವ್ವ ಅಡುಗೆಮನೆಯ ಬಾಗಿಲ ಕಡೆ ನೋಡಿದಳು.

“ಅದೊಂದು ಕೇಳಬ್ಯಾಡ್ರಿ,” ಎಂದು ನನ್ನ ತಾಟು ಎತ್ತಿಕೊಂಡು ಒಳಗೆ ಹೋದಳು. ಮತ್ತೆ ಹೊರಗೆ ಬರಲಿಲ್ಲ.

ನಿಜ ಸಿಗದಿದ್ದ ಮೇಲೆ ನನಗೆ ಅಭ್ಯಾಸವಾಗಿದ್ದ ದಾರಿ ಒಂದೇ. ಆ ಸಂಜೆ ಕಿಟಕಿ ಮುಚ್ಚಿ ಕೂತು ಹನ್ನೆರಡನೆಯ ಇತಿಹಾಸ ಬರೆದೆ. ಆಕೆಯನ್ನು ಕಾಪಾಡುತ್ತಿದ್ದೇನೆ ಎಂದುಕೊಂಡಿದ್ದರಿಂದ ಉಳಿದ ಹನ್ನೊಂದಕ್ಕಿಂತ ಇದು ಚೆನ್ನಾಗಿ ಬಂತು. ಅರಸನ ಮೇಲೆ ಮುನಿಸಿಕೊಂಡ ಪಟ್ಟದ ರಾಣಿ ವೇಷ ಮರೆಸಿಕೊಂಡು ಗಾಣಿಗರ ಓಣಿಗೆ ಬಂದಳು. ಇಲ್ಲಿಯ ಎಣ್ಣೆಗಾಯಿ ಉಂಡು, ಕೊರಳ ಸರವನ್ನು ಅಡುಗೆಯವಳಿಗೆ ಹಾಕಿ ಹೋದಳು. ಆ ಅಡುಗೆಯವಳ ವಂಶದವರು ಮುನ್ನೂರು ವರ್ಷದಿಂದ ಅದೇ ಒಲೆಯನ್ನು ಆರಗೊಡದೆ ಕಾದುಕೊಂಡು ಬಂದಿದ್ದಾರೆ. ಮೇಡಂ ಓದಿ, “ಇದು ನಿಮ್ಮ ಬೆಸ್ಟ್,” ಎಂದರು. ಶನಿವಾರ ಬೆಳಿಗ್ಗೆ ಇಲಾಖೆಯ ಆಳುಗಳು ಹಲಗೆಯನ್ನು ಖಾನಾವಳಿಯ ಬಾಗಿಲ ಮೇಲೆ ಮೊಳೆ ಹೊಡೆದು ಕೂರಿಸಿದರು.

ಉಪ್ಪು ಹೋಗುತ್ತದೆ ಎಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಹೋಟೆಲು ಉಳಿಯುವುದು ಮುಖ್ಯ, ಕೋಟೆ ರಸ್ತೆಯವರು ಸಪ್ಪೆ ಉಣಿಸಿಯೇ ಉದ್ಧಾರವಾಗಲಿಲ್ಲವೇ ಎಂದು ಸಮಾಧಾನ ಮಾಡಿಕೊಂಡಿದ್ದೆ. ನಾನು ಲೆಕ್ಕಕ್ಕೆ ತೆಗೆದುಕೊಳ್ಳದೇ ಇದ್ದದ್ದು ಹಮಾಲ ದುರ್ಗಪ್ಪನನ್ನು.

ಶನಿವಾರ ಮಧ್ಯಾಹ್ನ ನಾನು ಹೋದಾಗ ದುರ್ಗಪ್ಪ ಅದೇ ತಾನೇ ಮೊದಲ ತುತ್ತು ಬಾಯಿಗಿಟ್ಟಿದ್ದ. ಬೆಳಗಿನಿಂದ ಜೋಳದ ಚೀಲ ಹೊತ್ತು ಮೈಯೆಲ್ಲ ಬೆವತವನು. ಅಗಿಯುವುದು ನಿಂತಿತು.

“ಅಕ್ಕಾ, ಇವತ್ತ ಉಪ್ಪ ಹಾಕಿಲ್ಲೇನ?”

“ಹಾಕೇನಲ್ಲೋ,” ಎಂದು ಶಾವಂತ್ರವ್ವ ಉಪ್ಪಿನ ಬಟ್ಟಲು ತಂದಳು. ಅವನು ಚಿಟಿಕೆ ಹಾಕಿಕೊಂಡ, ಇನ್ನೊಂದು ಹಾಕಿಕೊಂಡ, ಆಮೇಲೆ ಒಂದು ಹಿಡಿ ಹಾಕಿಕೊಂಡು ನೋಡಿದ. ಮಣ್ಣು ತಿಂದವನ ಹಾಗೆ ಮುಖ ಮಾಡಿದ. ಎರಡನೆಯ ಬೆಂಚಿನ ಕಂಡಕ್ಟರು ತನ್ನ ತಾಟನ್ನು ದೂರ ಸರಿಸಿದ. ಶಾವಂತ್ರವ್ವ ಪಾತ್ರೆಯಿಂದಲೇ ಬೆರಳಲ್ಲಿ ಪಲ್ಯ ತೆಗೆದು ನಾಲಿಗೆಗೆ ಹಚ್ಚಿಕೊಂಡಳು. ಆಮೇಲೆ ಬಾಗಿಲ ಹೊರಗೆ ಹೋಗಿ ತಲೆಯೆತ್ತಿ ಹಲಗೆಯನ್ನು ನೋಡಿದಳು. ಆಕೆಗೆ ಓದಲು ಬರುತ್ತಿರಲಿಲ್ಲ. ಬೆಳಿಗ್ಗೆ ಹಲಗೆ ಹೊಡೆದವರು ಇದು ಲೈಸೆನ್ಸು ಎಂದು ಹೇಳಿದ್ದರಂತೆ.

“ಏನ್ ಬರದಾರ ಅದರಾಗ? ಓದು ತಮ್ಮಾ,” ಎಂದಳು ಕಂಡಕ್ಟರಿಗೆ.

ಅವನು ಗಟ್ಟಿಯಾಗಿ ಓದಿದ. ರಾಣಿ, ಮುನಿಸು, ಕೊರಳ ಸರ, ಮುನ್ನೂರು ವರ್ಷ. ನಾನು ನನ್ನ ಎಂದಿನ ಜಾಗದಲ್ಲಿ ಕೂತು ಕೇಳಿದೆ. ನನ್ನ ಬರಹವನ್ನು ಮತ್ತೊಬ್ಬರು ಗಟ್ಟಿಯಾಗಿ ಓದಿದ್ದನ್ನು ಅಲ್ಲಿಯವರೆಗೆ ನಾನು ಕೇಳಿರಲಿಲ್ಲ.

“ಇದನ್ನ ನೀವು ಬರದ್ರೇನ್ರಿ?” ಎಂದು ಶಾವಂತ್ರವ್ವ ಕೇಳಿದಳು.

“ಹೌದು. ನಿಮ್ಮನ್ನ ಊರ ಹೊರಗ ಹಾಕ್ತಾರ ಅಂತ...”

“ಊರ ಹೊರಗ ಹೋಗಿದ್ರೂ ಉಪ್ಪು ಹಚಗೊಂಡು ಉಣ್ಣಬೌದಿತ್ರಿ.”

ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ದುರ್ಗಪ್ಪ ಅರ್ಧ ರೊಟ್ಟಿ ಬಿಟ್ಟು ಎದ್ದು ಕೈ ತೊಳೆದುಕೊಂಡ. ಸಂಜೆಯವರೆಗೆ ಇನ್ನೂ ಎಷ್ಟೋ ಚೀಲ ಹೊರಬೇಕಾದವನು. ಆ ಖಾನಾವಳಿಯಲ್ಲಿ ತಾಟಿನಲ್ಲಿ ಅನ್ನ ಬಿಟ್ಟು ಎದ್ದವರನ್ನು ನಾನು ನೋಡಿದ್ದು ಅದೇ ಮೊದಲು. ಹಲಗೆ ಕಿತ್ತು ಹಾಕುತ್ತೇನೆ ಎಂದು ಎದ್ದು ನಿಂತೆ. ಹಾಗೆಯೇ, ಅದು ಸರ್ಕಾರಿ ಸ್ವತ್ತು, ಕೀಳುವುದು ಅಪರಾಧ, ಯಾವ ಕಲಮಿನ ಕೆಳಗೆ ಎಂಬುದೂ ನೆನಪಾಗಿ ಅರ್ಧಕ್ಕೇ ನಿಂತೆ. ಶಾವಂತ್ರವ್ವ ಅದನ್ನೂ ನೋಡಿದಳು.

“ಕುಂದರ್ರಿ, ಇರಲಿ,” ಎಂದಳು. “ನಾಳೆ ನಿಮ್ಮ ಮೇಡಂ ಬರ್ತಾರಲ್ಲ. ಬರ್ಲಿ.”

ಭಾನುವಾರ ನಲವತ್ತು ಮಂದಿ ಅತಿಥಿಗಳು ಎರಡು ಬಸ್ಸಿನಲ್ಲಿ ಬಂದರು. ಬೆಳಿಗ್ಗೆ ಎಂಟರಿಂದ ಕೋಟೆ ರಸ್ತೆಯ ಹನ್ನೊಂದು ಹೋಟೆಲುಗಳಲ್ಲೂ ಅವರಿಗೆ ಸ್ವಲ್ಪ ಸ್ವಲ್ಪ ಉಣಿಸಲಾಯಿತು. ಮೊದಲ ಮೂರು ಕಡೆ ‘ಸೌಮ್ಯ’ ಎಂದರು. ಆರನೆಯದರಲ್ಲಿ ‘ಸಾತ್ವಿಕ’ ಎಂದರು. ಒಂಬತ್ತನೆಯದರಲ್ಲಿ ಯಾರೂ ಏನೂ ಅನ್ನಲಿಲ್ಲ. ಹನ್ನೊಂದನೆಯದರಲ್ಲಿ ಕ್ಯಾಮೆರಾ ಹಿಡಿದ ಒಬ್ಬಳು ತನ್ನ ಚೀಲದಿಂದ ಉಪ್ಪಿನಕಾಯಿಯ ಪಾಕೀಟು ತೆಗೆದು, ಗೋಡೆಯ ಕಡೆ ತಿರುಗಿ ನಾಲಿಗೆ ಮೇಲೆ ಹಿಂಡಿಕೊಂಡಳು. ಅದೂ ಸಪ್ಪೆಯಾಗಿತ್ತು. ಹನ್ನೆರಡನೆಯದಕ್ಕೆ ಬರುವಷ್ಟರಲ್ಲಿ ಮಧ್ಯಾಹ್ನ ಒಂದು ಗಂಟೆ. ಗಾಣಿಗರ ಓಣಿಯ ತುಂಬ ಜನ. ಹೋಟೆಲು ಮಾಲೀಕರ ಸಮಿತಿಯ ಅಧ್ಯಕ್ಷರೆಂದು ಇಂದೂಧರ ಮುಂದೆ, ಮೇಡಂ ಅವರ ಪಕ್ಕದಲ್ಲಿ, ನಾನು ಹಿಂದೆ. ಅತಿಥಿಗಳು ಹಲಗೆಯನ್ನು ಓದಿದರು, ಅದರ ಫೋಟೋ ತೆಗೆದರು. ಕೂರುವಷ್ಟು ಮಂದಿ ಬೆಂಚಿನ ಮೇಲೆ ಕೂತರು, ಉಳಿದವರು ಗೋಡೆಗೆ ಒರಗಿ ನಿಂತರು.

ಶಾವಂತ್ರವ್ವ ತಾಟು ಹಾಕಲಿಲ್ಲ. ಆಗ ಅಡುಗೆಮನೆಯ ಬಾಗಿಲು ಸರಿಸಿ ಬಸಲಿಂಗವ್ವ ಹೊರಗೆ ಬಂದಳು. ಹತ್ತೊಂಬತ್ತು ವರ್ಷ ಕೆಮ್ಮು ಮಾತ್ರ ಕೇಳಿದ್ದ ನನಗೆ, ಆಕೆ ಇಷ್ಟು ಗಿಡ್ಡ ಇದ್ದಾಳೆ, ಗಲ್ಲದ ಮೇಲೆ ಹಚ್ಚೆ ಇದೆ ಎಂದು ಅಂದೇ ಗೊತ್ತಾದದ್ದು. ಕೈ ಇನ್ನೂ ಒದ್ದೆಯಾಗಿತ್ತು.

“ಆ ಹಲಗಿ ಸುಳ್ಳೈತಿ,” ಎಂದಳು. “ಖರೇ ಏನಂತ ನಾ ಹೇಳ್ತೀನಿ. ಕೇಳಿದ ಮ್ಯಾಲೆ ಉಣ್ಣೋರು ಉಣ್ರಿ, ಹೋಗೋರು ಹೋಗ್ರಿ.”

ಮೇಡಂ ನನ್ನ ಕಡೆ ತಿರುಗಿ, “ಏನಿದು?” ಎಂದರು.

“ಊರಾಗ ನಮ್ಮನ್ನ ನೆಗೆಣ್ಣ್ಯಾರು ಅಂತಾರ. ನಾವು ನೆಗೆಣ್ಣ್ಯಾರಲ್ಲ, ಸವತ್ಯಾರು. ನಾ ಮೊದಲಿನಾಕಿ, ಈಕಿ ಎರಡನೇದಾಕಿ. ಅಂವ ಬ್ಯಾಂಡಿನಾಗ ಕ್ಲಾರ್ನೆಟ್ ಊದತಿದ್ದ. ಒಂದ ಮನಿ, ಎರಡ ಒಲಿ. ಈಕಿ ಮಾಡಿದ್ದು ನಾ ಮೂಸತಿರಲಿಲ್ಲ.”

“ಈಕಿ ಕೊಡ ಮುಟ್ಟಿದ್ರ ನಾ ನೀರು ಚೆಲ್ಲತಿದ್ನಿ,” ಎಂದಳು ಶಾವಂತ್ರವ್ವ.

“ಆರು ವರ್ಷ ಹಂಗ ನಡೀತು. ಒಂದಿನ ಅಂವ ದೂರದ ಊರಿಗೆ ಮದಿವ್ಯಾಗ ಊದಾಕ ಹೋದ. ಹೋಗೂ ಮುಂದ ನನ್ನ ಒಲಿ ಕಡೆ ಬಂದು, ನಾಳೆ ಮಧ್ಯಾಹ್ನ ನೀ ಮಾಡಿದ್ದ ಉಣ್ತೀನಿ, ಎಣ್ಣಿಗಾಯಿ ಮಾಡಿಡು ಅಂದ.”

“ನನ್ನ ಕಡೆ ಬಂದೂ ಹಂಗ ಅಂದ,” ಎಂದಳು ಶಾವಂತ್ರವ್ವ. “ರೊಟ್ಟಿ ಬಡಿ, ಬಂದು ಉಣ್ತೀನಿ ಅಂದ.”

“ಮರುದಿನ ಇಬ್ಬರೂ ಮಾಡಿದ್ವಿ. ಉಪ್ಪು ನೋಡಾಕಂತ ನಾ ಒಂದ ಹನಿ ಬಾಯಾಗ ಹಾಕ್ಕೊಂಡ್ನಿ. ಸಪ್ಪಗ. ಮತ್ತ ಹಾಕಿದ್ನಿ, ಸಪ್ಪಗ. ಈಕಿ ಒಲಿ ಕಡೆ ನೋಡಿದ್ನಿ. ಈಕಿನೂ ರೊಟ್ಟಿ ಮುರದು ಬಾಯಾಗ ಇಟಗೊಂಡು ಸುಮ್ಮನ ಕುಂತಿದ್ಳು.”

ಓಣಿಯಲ್ಲಿ ನಿಂತಿದ್ದ ನಮ್ಮ ಊರಿನವರಿಗೆ ಅಷ್ಟಕ್ಕೇ ಅರ್ಥವಾಯಿತು. ಬಂದು ಉಣ್ಣುತ್ತೇನೆ ಎಂದದ್ದು ಸುಳ್ಳಾಗಿತ್ತು. ಹೊರಗಿನವರಿಗೆ ಯಾರೋ ಪಿಸುಮಾತಿನಲ್ಲಿ ವಿವರಿಸಿದರು. ದುರ್ಗಪ್ಪ ಬಾಗಿಲ ಚೌಕಟ್ಟು ಹಿಡಿದುಕೊಂಡು ನೆಲ ನೋಡುತ್ತಿದ್ದ.

“ಮದಿವಿಗೆ ಊದಾಕ ಹೋದಾಂವ ತಾನ ಮದಿವಿ ಮಾಡ್ಕೊಂಡಾನ ಅಂತ ಮೂರ ದಿನದ ಮ್ಯಾಲೆ ಸುದ್ದಿ ಬಂತು,” ಎಂದಳು ಬಸಲಿಂಗವ್ವ. “ನಮಗ ಅವತ್ತ ಗೊತ್ತಾಗಿತ್ತು. ಇಬ್ಬರೂ ಮುಂಜಾನಿಂದ ಉಪಾಸ. ಕಡೀಕ ಈಕಿ ತನ್ನ ರೊಟ್ಟಿ ಬುಟ್ಟಿ ತಂದು ನನ್ನ ಒಲಿ ಮುಂದ ಇಟ್ಳು. ನಾ ಎಣ್ಣಿಗಾಯಿ ಇಟ್ಟೆ. ಸಪ್ಪಂದ ಕೂಡಿ ಉಂಡ್ವಿ. ಇನ್ನ ಮ್ಯಾಲೆ ಯಾರ ಬರ್ಲಿ ಬಿಡ್ಲಿ, ನಮ್ಮ ಅಡಿಗಿ ನಾವ ಉಣ್ಣೂಣು ಅಂದ್ಳು ಈಕಿ. ಮರುದಿನ ಒಂದ ಒಲಿ ಕೆಡವಿದ್ವಿ. ಅದ ಈ ಖಾನಾವಳಿ. ಅಂವ ಸತ್ತು ಈಗ ಏಳು ವರ್ಷ ಆತು. ಗಂಡ ಬಿಟ್ಟೋರ ಕೈಯಾಗ ಮಂದಿ ಉಣ್ಣೂದಿಲ್ಲ ಅಂತ ಇಷ್ಟ ದಿನ ಬಾಯಿ ಬಿಟ್ಟಿರಲಿಲ್ಲ. ಇವತ್ತ ಬಿಟ್ಟೀನಿ. ಮುಗೀತು.”

“ಗುರುಸಿದ್ದಪ್ಪ, ಇವರನ್ನ ಒಳಗೆ ಕಳಿಸಿ,” ಎಂದು ಮೇಡಂ ಹಲ್ಲು ಕಚ್ಚಿ ಹೇಳಿದರು. “ಇದು ಪಾರಂಪರಿಕ ಕಾರ್ಯಕ್ರಮ.”

ನಾನು ಹೊರಗೆ ಹೋದೆ. ಬಾಗಿಲ ಪಕ್ಕದ ಕಟ್ಟೆ ಹತ್ತಿ ಹಲಗೆಗೆ ಎರಡೂ ಕೈ ಹಾಕಿ ಜಗ್ಗಿದೆ. ಮೊಳೆ ಗಟ್ಟಿಯಾಗಿದ್ದವು. ದುರ್ಗಪ್ಪ ಬಂದು ಇನ್ನೊಂದು ತುದಿ ಹಿಡಿದ. ಗಾರೆಯ ಸಮೇತ ಹಲಗೆ ಕಿತ್ತು ಬಂತು. ಅದನ್ನು ಬೋರಲಾಗಿ ಚರಂಡಿಯ ಮೇಲೆ ಹಾಕಿದೆ. ನಲವತ್ತು ಮಂದಿಯಲ್ಲಿ ಮೂವತ್ತು ಮಂದಿ ಅದರ ವಿಡಿಯೋ ಮಾಡಿದರು.

ಶಾವಂತ್ರವ್ವ ಆಗ ತಾಟು ಹಾಕಿದಳು. ಬೆಳಗಿನಿಂದ ಸಪ್ಪೆ ಉಂಡ ನಾಲಿಗೆಗಳು. ಉಪ್ಪಿನಕಾಯಿ ಹಿಂಡಿಕೊಂಡಿದ್ದ ಹುಡುಗಿ ಕ್ಯಾಮೆರಾ ಕೆಳಗಿಟ್ಟು ಎರಡೂ ಕೈಯಲ್ಲಿ ರೊಟ್ಟಿ ಮುರಿದಳು. ಯಾರೂ ಸೌಮ್ಯ ಎನ್ನಲಿಲ್ಲ, ಸಾತ್ವಿಕ ಎನ್ನಲಿಲ್ಲ. ‘ಇನ್ನೊಂದು’ ಎಂದರು. ಮೇಡಂ ಬಹಳ ಹೊತ್ತು ನಿಂತೇ ಇದ್ದರು. ಕೊನೆಗೆ ಬಸಲಿಂಗವ್ವ ಒಂದು ತಾಟು ತಂದು ಅವರ ಕೈಗೇ ಕೊಟ್ಟಳು. ನಿಂತುಕೊಂಡೇ ಎರಡು ರೊಟ್ಟಿ ಉಂಡರು.

“ಉಪ್ಪಿದೆ,” ಎಂದರು ಮೆಲ್ಲಗೆ. ತುಸು ಹೊತ್ತಾದ ಮೇಲೆ, “ಇದನ್ನ ಪುಸ್ತಿಕೇಲಿ ಹೇಗೆ ಹಾಕೋದು?” ಎಂದರು.

ಹಾಕಿದರು. ಹನ್ನೆರಡು ಪುಟ ಆಗಲೇಬೇಕಾಗಿತ್ತಲ್ಲ. ನಮೂನೆಯಲ್ಲಿ ‘ಸ್ಥಾಪಕ ರಾಜವಂಶ’ ಎಂಬ ಕಾಲಮ್ಮಿನ ಮುಂದೆ ‘ಅನ್ವಯಿಸುವುದಿಲ್ಲ’ ಎಂದು ಬರೆದರು. ‘ಸಂಬಂಧಿಸಿದ ಕಲೆ’ ಎಂಬುದರ ಮುಂದೆ ‘ಕ್ಲಾರ್ನೆಟ್’ ಎಂದು ಬರೆದರು. ಅತಿಥಿಗಳು ಮಾಡಿದ್ದ ವಿಡಿಯೋಗಳು ಅದಕ್ಕೂ ಮೊದಲೇ ಎಲ್ಲೆಡೆ ಹೋಗಿದ್ದವು. ಮುಂದಿನ ಶನಿವಾರ ಕಾರುಗಳು ಕೋಟೆ ರಸ್ತೆಯಲ್ಲಿ ನಿಲ್ಲದೆ ಸೀದಾ ಗಾಣಿಗರ ಓಣಿಯ ಬಾಯಿಗೆ ಬಂದು ಸಿಕ್ಕಿಹಾಕಿಕೊಂಡವು. ಹಮಾಲರು ಉಂಡಾದ ಮೇಲೆ ಪ್ರವಾಸಿಗಳು ಎಂದು ಶಾವಂತ್ರವ್ವ ಕಡ್ಡಿ ಮುರಿದ ಹಾಗೆ ಹೇಳಿದಳು. ಕಾಯಿಸಿದ್ದಕ್ಕೆ ಅವರಿಗೆ ಇನ್ನೂ ಖುಷಿಯಾಯಿತು.

ಎರಡು ವಾರದೊಳಗೆ ಇಂದೂಧರ ಮತ್ತೆ ನನ್ನ ಕಿಟಕಿಗೆ ಬಂದರು.

“ಗುರುಸಿದ್ದಪ್ಪನೋರ, ನನಗೂ ಒಂದು ಖರೇದ್ದು ಬರಕೊಡ್ರಿ.”

“ನಿಮ್ಮ ಖರೇ ಏನ್ರಿ?”

ಆಚೆ ಈಚೆ ನೋಡಿದರು. “ಪೈಪಿನ ಧಂದೆ ಮುಳುಗಿತು. ನನ್ನ ಹೆಂಡ್ತಿ ತಮ್ಮ ಹೋಟ್ಲು ತಗೀತೀನಿ ಅಂತ ಹೇಳ್ಕೋತ ತಿರಗತಿದ್ದ. ಹೊಟ್ಟಿಕಿಚ್ಚಿಗೆ ಅವನಕಿಂತ ಮೊದಲ ನಾ ತಗದೆ.”

ಹಾಗೆಯೇ ಬರೆದೆ. ಹಲಗೆ ಬದಲಾದ ದಿನ ರಾಜವೈಭವದ ಸಾರಿಗೆ ಆರು ವರ್ಷದ ಮೇಲೆ ಉಪ್ಪು ಬಂತು. ಸಾರು ಎಂಥದ್ದು ಎಂಬುದೂ ಆಗ ಎಲ್ಲರಿಗೂ ತಿಳಿಯಿತು, ಇಂದೂಧರ ಹೊಸ ಅಡುಗೆಯವನನ್ನು ಹುಡುಕಬೇಕಾಯಿತು. ಉಳಿದ ಹತ್ತು ಮಂದಿಯೂ ಸಾಲಾಗಿ ಬಂದು ತಮ್ಮ ತಮ್ಮ ನಾಚಿಕೆಗಳನ್ನು ಹೇಳಿ ಬರೆಸಿಕೊಂಡು ಹೋದರು. ಇತ್ತ ಡಾಕ್ಟರು ರಕ್ತದೊತ್ತಡದವರ ಮೆರವಣಿಗೆ ಕಟ್ಟಿಕೊಂಡು ಬಂದು, ಊರಿನಲ್ಲಿ ಸಪ್ಪೆ ಊಟ ಸಿಗದಂತಾಗಿದೆ, ಒಂದಾದರೂ ಸುಳ್ಳು ಹೋಟೆಲು ಉಳಿಸಿಕೊಡಬೇಕು ಎಂದು ಮನವಿ ಸಲ್ಲಿಸಿದರು. ಅವರ ತೊಂದರೆ ತಾನಾಗಿಯೇ ನೀಗಿತು. ತನ್ನ ನಿಜ ಸಾಕಷ್ಟು ಜೋರಾಗಿಲ್ಲ ಎಂದು ಒಬ್ಬ ಮಾಲೀಕ ತನ್ನ ತಾಯಿಯನ್ನೂ ಗಂಡ ಬಿಟ್ಟವಳೆಂದು ಸೇರಿಸಿದ. ಆಕೆ, ಮೂವತ್ತು ವರ್ಷದಿಂದ ಗಂಡನ ಜೊತೆಯೇ ಇರುವವಳು, ಗಲ್ಲಾಪೆಟ್ಟಿಗೆಯ ಮುಂದೆ ಕೂತು ನೋಡುತ್ತಿದ್ದಂತೆಯೇ ಅಡುಗೆ ಸಪ್ಪೆಯಾಯಿತು. ಮುಂದಿನ ತಿಂಗಳು ಇನ್ನಿಬ್ಬರ ಉಪ್ಪೂ ಹಾಗೆಯೇ ಹೋಯಿತು. ಡಾಕ್ಟರ ಚೀಟಿಗಳು ಮತ್ತೆ ಓಡಾಡತೊಡಗಿದವು.

ಸರ್ಕಾರಿ ಹಲಗೆ ಕಿತ್ತದ್ದಕ್ಕೆ ನನಗೆ ನೋಟಿಸು ಬಂತು. ವಿಡಿಯೋ ಸಾಕ್ಷಿ ಮೂವತ್ತಿದ್ದವು. ಕಿಟಕಿಯಿಂದ ಎಬ್ಬಿಸಿ, ಕೋಟೆಯ ಏಳನೆಯ ಬಾಗಿಲಾಚೆ, ಮೆಟ್ಟಿಲ ಬಾವಿಯ ಬಳಿ ಟಿಕೆಟು ಹರಿದುಕೊಡುವ ಕೆಲಸಕ್ಕೆ ಹಾಕಿದರು. ಅಲ್ಲಿ ಊಟ ಎಲ್ಲಿ ಎಂದು ಯಾರೂ ಕೇಳುವುದಿಲ್ಲ, ಎಷ್ಟು ಮೆಟ್ಟಿಲು ಎಂದು ಕೇಳುತ್ತಾರೆ. ಅಲ್ಲಿಂದ ಗಾಣಿಗರ ಓಣಿಗೆ ಮುಕ್ಕಾಲು ತಾಸಿನ ನಡಿಗೆ. ಹೋಗಲು ಮುಕ್ಕಾಲು, ಬರಲು ಮುಕ್ಕಾಲು, ಊಟಕ್ಕೆ ಇಲಾಖೆ ಕೊಡುವುದು ಅರ್ಧ ತಾಸು. ನಾನು ರಜೆ ಹಾಕಿ ಹಾಕಿ ಹೋಗತೊಡಗಿದೆ.

ಚೈತ್ರದ ಬಿಸಿಲಲ್ಲಿ ಒಂದು ದಿನ, ಮೂರು ಗಂಟೆಯ ಹೊತ್ತಿಗೆ, ಎಲ್ಲರೂ ಉಂಡು ಹೋದ ಮೇಲೆ ತಲುಪಿದೆ. ಶಾವಂತ್ರವ್ವ ನೀರು ಕೊಟ್ಟಳು, ತಾಟು ಹಾಕಿದಳು. ಎಣ್ಣೆಗಾಯಿ, ರೊಟ್ಟಿ, ಚಟ್ನಿ. ನಾನು ಎರಡು ತುತ್ತು ಉಂಡಿದ್ದೆ.

“ಬಾವಿ ಕಡೆಯಿಂದ ಇಲ್ಲೀತನಕ ನಡಕೊಂಡ ಬರ್ತೀರಂತಲ್ಲ,” ಎಂದಳು. “ಅಲ್ಲೇ ಬಾಜೂಕ ಈಗ ಹೊಸಾವ ಮೂರು ಹೋಟ್ಲು ಆಗ್ಯಾವ. ಇಷ್ಟು ಬಿಸಲಾಗ ಯಾಕ ಬರ್ತೀರಿ?”

“ಊಟಕ್ಕರೀ,” ಎಂದೆ. “ಊಟಕ್ಕಷ್ಟ ಬರ್ತೀನಿ.”

ಬಾಯಲ್ಲಿದ್ದ ತುತ್ತಿನ ಉಪ್ಪು ಹೋಯಿತು. ಏನೂ ಆಗಿಲ್ಲವೆಂಬಂತೆ ಅಗಿಯಲು ನೋಡಿದೆ. ಇಪ್ಪತ್ತೆರಡು ವರ್ಷ ಉಣ್ಣುವವರ ಮುಖ ನೋಡಿದ ಹೆಂಗಸಿನ ಮುಂದೆ ಅದು ನಡೆಯಲಿಲ್ಲ. ಶಾವಂತ್ರವ್ವ ನನ್ನ ಮುಖ ನೋಡಿದಳು, ತಾಟು ನೋಡಿದಳು. ಒಳಗೆ ಬಸಲಿಂಗವ್ವನ ಕೆಮ್ಮು ಕೇಳಿತು, ಘಾಟಿನ ಕೆಮ್ಮಲ್ಲ, ನಗೆ ತಡೆದ ಕೆಮ್ಮು. ಗಿರಾಕಿಯ ಎದುರು ಎಂದೂ ಕೂರದ ಶಾವಂತ್ರವ್ವ ಎದುರಿನ ಬೆಂಚಿನ ಮೇಲೆ ಕೂತಳು.

“ಖರೇ ಹೇಳ್ರಿ,” ಎಂದಳು. “ರೊಟ್ಟಿ ಆರಾಕತ್ತಾವ.”

ಐವತ್ತಾರು ವರ್ಷದವನು, ಹನ್ನೆರಡು ಸುಳ್ಳು ಇತಿಹಾಸ ಬರೆದವನು, ನನಗೆ ಒಂದು ಸಾಲು ಕೂಡಿಸಲು ಬಹಳ ಹೊತ್ತು ಹಿಡಿಯಿತು.

“ಊಟ ನೆವರೀ. ನಿಮ್ಮನ್ನ ನೋಡಾಕ ಬರ್ತೀನಿ. ಮೊದಲಿಂದೂ ಹಂಗ.”

ಆಕೆ ಎದ್ದು ಒಳಗೆ ಹೋಗಿ ಒಲೆಯ ಮೇಲಿನ ರೊಟ್ಟಿ ತಂದು ತಾಟಿಗೆ ಹಾಕಿದಳು, ಅದರ ಮೇಲೆ ಬಿಸಿ ಎಣ್ಣೆಗಾಯಿ ಬಡಿಸಿದಳು. ಅಲ್ಲೇ ನಿಂತಳು.

“ಈಗ ಹ್ಯಾಂಗೈತಿ?”

ಉಂಡು ನೋಡಿದೆ. ಉಪ್ಪು ಬಂದಿತ್ತು, ಒಂದು ಚೂರು ಹೆಚ್ಚೇ ಆಗಿತ್ತು. ಅದನ್ನೂ ಹೇಳಿದೆ.